ಫ್ಯಾನೇ ಬೇಡದ ಮನೆ

ಮನೆ ಕಟ್ಟುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ತಂಪು ಗಾಳಿ ಕೆಳಗೆ ಉಳಿಯುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ನನಗೆ ಇಷ್ಟು ಗೊತ್ತಿತ್ತು. ಇಷ್ಟೇ ಗೊತ್ತಿತ್ತು ಎಂಬುದು ಆಮೇಲೆ ತಿಳಿಯಿತು!

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. ದಿನವೂ ಡೈರಿ ಬರೆಯುತ್ತೇನೆ. ಏಕೆಂದರೆ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಡೈರಿಯೂ ಅಷ್ಟೇನೂ ಸಾಚಾ ಅಲ್ಲ, ಬರೆದವನು ನಾನೇ ತಾನೆ. ಹಾಗಾಗಿ ಅನುಮಾನ ಬಂದಲ್ಲೆಲ್ಲ ಹೆಂಡತಿ ಸರೋಜಳ ಮಾತನ್ನೇ ನಂಬಿ ಇದನ್ನು ಬರೆದಿದ್ದೇನೆ. ಅವಳು ಏನನ್ನೂ ಮರೆಯುವುದಿಲ್ಲ. ಅದು ಬೇರೆಯೇ ಕಷ್ಟ.

ಹುಣಸೂರಿನಲ್ಲಿ ನಾವಿದ್ದದ್ದು ಮೇಲಿನ ಮಹಡಿಯ ಬಾಡಿಗೆ ಮನೆ. ಮಧ್ಯಾಹ್ನವಾದರೆ ತಾರಸಿ ರೊಟ್ಟಿ ಸುಡುವ ಹೆಂಚಾಗುತ್ತಿತ್ತು. ಸರೋಜಳಿಗೆ ಸೆಕೆಗೆ ತಲೆನೋವು ಬರುತ್ತದೆ. ಸಾಮಾನ್ಯ ನೋವಲ್ಲ, ಮಾತೇ ನಿಂತುಹೋಗುವಂಥದ್ದು. ಆಗೆಲ್ಲ ಒದ್ದೆ ಟವಲನ್ನು ಹಣೆಗೆ ಹಾಕಿಕೊಂಡು ಬಚ್ಚಲುಮನೆಯ ಬಾಗಿಲಲ್ಲಿ ಬರಿ ನೆಲದ ಮೇಲೆ ಮಲಗುತ್ತಿದ್ದಳು. ಪಿರಿಯಾಪಟ್ಟಣದ ರಸ್ತೆಯಲ್ಲಿ, ಒಂದು ಊರಿನ ಅಂಚಿಗೆ ಸೈಟು ತೆಗೆದುಕೊಂಡಾಗ ಅವಳು ಕೇಳಿದ್ದು ಒಂದೇ.

"ಗ್ರಾನೈಟೂ ಬೇಡ, ದೊಡ್ಡ ಹಾಲೂ ಬೇಡ. ಮಧ್ಯಾಹ್ನ ತಲೆ ಇಟ್ರೆ ನಿದ್ದೆ ಬರೋ ಅಂಥ ತಣ್ಣಗಿರೋ ಜಾಗ ಒಂದಿದ್ರೆ ಸಾಕು ಕಣ್ರೀ."

"ಒಂದು ಜಾಗ ಯಾಕೆ, ಇಡೀ ಮನೇನೇ ತಂಪು! ಫ್ಯಾನೇ ಬೇಡದ ಮನೆ ಕಟ್ಟಿಸ್ತೀನಿ ನೋಡು," ಎಂದೆ. ಬರೀ ಹೇಳಲಿಲ್ಲ. ಇಡೀ ಮನೆಯಲ್ಲಿ ಫ್ಯಾನು ನೇತುಹಾಕಲು ಒಂದು ಕೊಕ್ಕೆಯನ್ನೂ ಇಡಿಸಲಿಲ್ಲ!

ನಕ್ಷೆ ನನ್ನದೇ. ದಪ್ಪ ಮಣ್ಣಿನ ಗೋಡೆ. ಬಿಸಿಲು ನುಗ್ಗದಂತೆ ಪುಟ್ಟ ಕಿಟಕಿಗಳು. ತಂಗಾಳಿ ಒಳಬರಲು ನೆಲದ ಮಟ್ಟದಲ್ಲೊಂದು ಕಿಂಡಿ, ಬಿಸಿ ಗಾಳಿ ಹೊರಹೋಗಲು ಹೆಂಚಿನ ಸೂರಿನ ನೆತ್ತಿಯಲ್ಲೊಂದು ಕಿಂಡಿ. ಖರ್ಚು ಕಡಿಮೆ, ಕರೆಂಟು ಇನ್ನೂ ಕಡಿಮೆ. ಇನ್ನು ಬೇಕಾದದ್ದು ಶಾಖದ ಮರ್ಮ ಬಲ್ಲ ಮೇಸ್ತ್ರಿ. ಟೀ ಅಂಗಡಿಯಲ್ಲಿ ವಿಚಾರಿಸಿದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಇಲಿಯಾಸ್ ಭಾಯಿ.

"ಬಿಸಿ ಗಾಳಿ ಹೇಗೆ ಓಡಾಡುತ್ತೆ ಅಂತ ಗೊತ್ತಾ ಭಾಯಿ?" ಎಂದು ನಾನು ಪರೀಕ್ಷಕನಂತೆ ಕೇಳಿದೆ.

"ಏನ್ ಸಾರ್ ಹಿಂಗ್ ಕೇಳ್ತೀರಾ! ನಮ್ಮಪ್ಪನ ಕಾಲದಿಂದ ಅದೇ ಕಸುಬು. ಬಿಸಿ ಬಿಟ್ರೆ ಬೇರೆ ಕೆಲ್ಸಾನೇ ಮಾಡಿಲ್ಲ ನಾವು."

ನಕ್ಷೆ ಬಿಚ್ಚಿದೆ. ಅವರ ಮುಖ ಅರಳಿತು. "ಕೆಳಗೆ ಕಿಂಡಿ, ಮೇಲೆ ಕಿಂಡಿ, ಗೋಡೆ ದಪ್ಪ, ಕಿಟಕಿ ಚಿಕ್ದು. ವಾಹ್! ಬೇಫಿಕರ್ ಆಗಿರಿ ಸಾರ್. ಒಂದ್ ಚೂರು ಬಿಸಿ ಆಚೀಚೆ ಆಗಲ್ಲ."

ಅಷ್ಟು ಒಮ್ಮತವನ್ನು ನಮ್ಮ ಕಾಲೇಜಿನ ಯಾವ ಸಭೆಯಲ್ಲೂ ನಾನು ಕಂಡಿಲ್ಲ. ಅವರದು ಶಾಖವನ್ನು ಹೊರಗಿಡುವ ಕಸುಬೋ ಒಳಗಿಡುವ ಕಸುಬೋ ಎಂಬ ಪ್ರಶ್ನೆಯೊಂದನ್ನು ಮಾತ್ರ ನಾನು ಕೇಳಲಿಲ್ಲ.

ಗೋಡೆ ಏರಿತು. ಏರುತ್ತಲೇ ಹೋಯಿತು. ಒಳಗೆ ಈ ಗೋಡೆಯಿಂದ ಆ ಗೋಡೆಗೆ, ಸೂರಿನವರೆಗೂ ಸಾಲು ಸಾಲಾಗಿ ಮರದ ಗಳುಗಳು ಬಂದವು. ಅಟ್ಟಕ್ಕಿರಬೇಕು ಎಂದು ನಾನು ಸುಮ್ಮನಾದೆ. ಸರೋಜ ಕತ್ತೆತ್ತಿ ನೋಡಿ, "ಒಣಗಾಕೋಕೆ ಇಷ್ಟೊಂದು ಬಟ್ಟೆ ಎಲ್ಲಿದೆ ನಮ್ಮತ್ರ?" ಎಂದಳು.

ಹೆಂಚು ಹೊದಿಸಿ ಮುಗಿದ ದಿನ ಪಕ್ಕದ ಹೊಲದ ಕಾಳೇಗೌಡರು ಬೈಕು ನಿಲ್ಲಿಸಿದರು.

"ಮೇಷ್ಟ್ರೇ, ಈ ಸಲ ನೀವೂ ಹೊಗೆಸೊಪ್ಪು ಹಾಕ್ತೀರಾ?"

"ಇಲ್ವಲ್ಲ ಗೌಡ್ರೇ. ಯಾಕೆ?"

"ಮತ್ತೆ ಬ್ಯಾರನ್ ಯಾಕ್ ಕಟ್ಸಿದ್ದೀರಿ?"

ನಮ್ಮ ಸೀಮೆಯವರಿಗೆ ಬ್ಯಾರನ್ ಎಂದರೇನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಗಳುಗಳ ಮೇಲೆ ತೂಗುಹಾಕಿ, ಕೆಳಗೆ ಬೆಂಕಿಯ ಶಾಖ ಕೊಟ್ಟು ಹೊಂಬಣ್ಣ ಬರುವ ತನಕ ಬೇಯಿಸುವ ಎತ್ತರದ ಕಟ್ಟಡ. ದಪ್ಪ ಗೋಡೆ. ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ!

ಕಾಳೇಗೌಡರಿಗೆ ಇಂಧನ ಉಳಿತಾಯದ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ. "ಅಂಗಂತೀರಾ? ಸರಿ ಬುಡಿ," ಎಂದು ಅವರು ಹೊರಟರು. ಆಮೇಲೆ ಇಲಿಯಾಸ್ ಭಾಯಿಯನ್ನು ಮೆಲ್ಲನೆ ಕೇಳಿದೆ.

"ಬ್ಯಾರನ್ನೇ ಸಾರ್! ನೀವೇ ನಕ್ಷೆ ಕೊಟ್ರಲ್ಲ. ಮನುಷ್ಯರು ಇರ್ತಾರೆ ಅಂದ್ರಿ, ಅದಕ್ಕೇ ಕಿಟಕಿ ಇಟ್ಟಿದ್ದೀನಿ. ದೊಡ್ಡೋರ ಇಷ್ಟ, ನಾನ್ಯಾಕೆ ಕೇಳ್ಲಿ?"

ಸರೋಜಳಿಗೆ ಹೇಳಲಿಲ್ಲ. ಅಂದಿನ ಡೈರಿಯಲ್ಲಿ 'ಸಣ್ಣಪುಟ್ಟ ವ್ಯತ್ಯಾಸ' ಎಂದಿದೆ.

ಬಾಡಿಗೆ ಮನೆ ಬಿಟ್ಟುಕೊಟ್ಟೆವು. ಶ್ರಾವಣದಲ್ಲಿ ಗೃಹಪ್ರವೇಶ. ಅಂಗಳಕ್ಕೆ ತೆಂಗಿನ ಸೋಗೆಯ ದೊಡ್ಡ ಚಪ್ಪರ. ಒಳಗೆ ಹೋಮ, ಹೋಮದ ಸುತ್ತ ನೆಂಟರು. ಅಷ್ಟರಲ್ಲಿ ಹೊರಗೆ ತುಂತುರು ಹನಿ ಬಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದ ಇಲಿಯಾಸ್ ಭಾಯಿಗೆ ಕೈ ಸುಮ್ಮನಿರಲಿಲ್ಲ. ಬ್ಯಾರನ್ನಿನವರಿಗೆ ಹನಿ ಬಿದ್ದರೆ ಮೊದಲು ಮೇಲಿನ ಕಿಂಡಿ ಮುಚ್ಚುವುದು ರೂಢಿ. ಅದಕ್ಕೆಂದೇ ಅವರು ಹೊರಗಡೆಯಿಂದ ಹಗ್ಗವನ್ನೂ ಬಿಟ್ಟಿದ್ದರು. ಎಳೆದರು. ಮುಚ್ಚಿಕೊಂಡಿತು. ಒಂದ್ ಚೂರು ಬಿಸಿ ಆಚೀಚೆ ಆಗಲಿಲ್ಲ!

ಪುರೋಹಿತರ ಮಂತ್ರ ಮೊದಲು ಓಡಿತು. ಆಮೇಲೆ ಪುರೋಹಿತರೇ ಓಡಿದರು. ಅವರ ಹಿಂದೆ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ನೆಂಟರೆಲ್ಲ ಚಪ್ಪರಕ್ಕೆ ಬಂದು ಬಿದ್ದರು. ಊಟಕ್ಕೆ ಕಾಯುತ್ತಿದ್ದ ಕಾಳೇಗೌಡರು ಒಬ್ಬೊಬ್ಬರನ್ನೂ ಸೊಪ್ಪು ನೋಡುವ ಹಾಗೆ ನೋಡಿ, "ಪರವಾಗಿಲ್ಲ ಮೇಷ್ಟ್ರೇ, ಬಣ್ಣ ಚೆನ್ನಾಗ್ ಬಂದದೆ," ಎಂದರು.

ಕೊನೆಗೆ ಬಂದವಳು ಸರೋಜ. ಹಣೆ ಒತ್ತಿಕೊಂಡಿದ್ದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಮಾತು ನಿಂತಿತ್ತು. ಹೊಸ ಸೀರೆಯಲ್ಲೇ ಚಪ್ಪರದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ನಾನು ಟವಲು ಒದ್ದೆ ಮಾಡಿ ತಂದೆ. ಆ ಮಧ್ಯಾಹ್ನದ ಬಗ್ಗೆ ನನ್ನ ನೆನಪು ನನ್ನ ಪರವಾಗಿ ಒಂದು ಮಾತನ್ನೂ ಹೇಳುವುದಿಲ್ಲ.

ಕಿಂಡಿ ತೆರೆದರೂ ಒಳಗೆ ಗಾಳಿ ಆಡಲಿಲ್ಲ; ರಾತ್ರಿ ಮಲಗಲು ಬಿಟ್ಟರೆ ನಾವು ಒಳಗೆ ಕಾಲಿಡುತ್ತಿರಲಿಲ್ಲ. ನಾನು ಮರುದಿನವೇ ಕಿಟಕಿ ದೊಡ್ಡದು ಮಾಡಿಸಲು ಓಡಾಡತೊಡಗಿದೆ. ಅಷ್ಟರಲ್ಲಿ ಜೋರು ಮಳೆ ಹಿಡಿಯಿತು. ಕಾಳೇಗೌಡರ ಹಳೇ ಬ್ಯಾರನ್ನಿನ ಗೋಡೆ ಕುಸಿದು ಕೂತಿತು. ಹೊಲದಿಂದ ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ ಆಗಿತ್ತು. ಅವರು ನಮ್ಮ ಬಾಗಿಲಿಗೆ ಬಂದು ನಿಂತಾಗ ಬಾಯಲ್ಲಿ ತಮಾಷೆ ಇರಲಿಲ್ಲ.

"ನಾಳೆಗೆ ಅಷ್ಟೂ ಕೊಳ್ತೋಯ್ತದೆ ಮೇಷ್ಟ್ರೇ. ಸುತ್ತ ಎಲ್ಲಾರ ಬ್ಯಾರನ್ನೂ ತುಂಬವೆ. ಒಂದೇ ಒಂದ್ ಸಲ..."

"ಗೌಡ್ರೇ, ಇದು ವಾಸದ ಮನೆ," ಎಂದೆ. ವಿಶ್ವವಿದ್ಯಾನಿಲಯದಲ್ಲಿ ಓದಿದವನಿಗೂ ಒಂದು ಮಾನ ಬೇಡವೇ?

"ಯಾರು ವಾಸ ಮಾಡ್ತಿರೋದು ಇದ್ರಲ್ಲಿ?" ಎಂದಳು ಸರೋಜ. "ನೆಂಟರೆಲ್ಲ ಬೆಂದು ಎದ್ದಾಯ್ತು, ಸೊಪ್ಪಿಗೇನು ದಾಡಿ? ತುಂಬಿ ಗೌಡ್ರೇ."

ಬಿದ್ದ ಬ್ಯಾರನ್ನಿನಿಂದ ಒಲೆಯ ಶಾಖ ಒಳಗೆ ಹರಿಸುವ ತಗಡಿನ ಕೊಳವೆಗಳು ಬಂದವು. ಹೊರಗೆ ಒಲೆ ಹೂಡಿದರು. ನನ್ನ 'ತಂಗಾಳಿಯ ಕಿಂಡಿ'ಗೆ ಅವರ ಕೊಳವೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ನಾವು ಪಾತ್ರೆ, ಹಾಸಿಗೆ ಎತ್ತಿಕೊಂಡು ಚಪ್ಪರಕ್ಕೆ ಬಂದೆವು. ಗೌಡರು ಅದರ ಮೇಲೊಂದು ತಾರ್ಪಾಲು ಹೊದಿಸಿ, ತಾರ್ಪಾಲಿನ ಮೇಲೆ ಮತ್ತಷ್ಟು ಹಸಿ ಸೋಗೆ ಹಾಕಿಸಿಕೊಟ್ಟರು.

ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಇಳಿಯಿತು. ಸೌದೆಯೂ ಎಂದಿಗಿಂತ ಕಡಿಮೆ ಹಿಡಿಯಿತಂತೆ. ಅಂದರೆ ನನ್ನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಕಟ್ಟಡ ನಿಜಕ್ಕೂ ಇಂಧನ ಉಳಿಸಿತು! ಸುದ್ದಿ ಹಬ್ಬಿತು. ಗೌಡರು ಎರಡನೇ ಸಲವೂ ತುಂಬಿದರು. ಬೇಡವೆನ್ನಲು ನಮಗೆ ಆತುರವೂ ಇರಲಿಲ್ಲ, ಗೋಡೆಗಳಿಗೆ ಆರುವ ಮನಸ್ಸೂ ಇರಲಿಲ್ಲ.

ಒಂದು ಮಧ್ಯಾಹ್ನ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆಯ ರೈತರೊಬ್ಬರು ಹುಡುಕಿಕೊಂಡು ಬಂದರು.

"ಕಮ್ಮಿ ಸೌದೆ ಬ್ಯಾರನ್ನಿನ ಮೇಷ್ಟ್ರು ನೀವೇನಾ? ನಮ್ಗೂ ಒಂದು ಪ್ಲಾನ್ ಬರ್ಕೊಡಿ ಸಾಮಿ."

ನನ್ನ ಎದೆ ಉಬ್ಬಿತು. ಆದರೂ ತುಟಿಗೆ ಬೆರಳಿಟ್ಟೆ. "ಮೆಲ್ಲಗೆ ಮಾತಾಡಿ. ಹೆಂಡತಿ ಮಲಗಿದ್ದಾಳೆ."

ಮಳೆ ಬಿಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಸರೋಜ ಚಪ್ಪರದಡಿ ಚಾಪೆಯ ಮೇಲೆ ಗಾಢವಾಗಿ ನಿದ್ದೆ ಹೋಗಿದ್ದಳು. ಹಣೆಯ ಮೇಲೆ ಟವಲಿರಲಿಲ್ಲ. ಸಣ್ಣಗೆ ಗೊರಕೆಯೂ ಇತ್ತು.

ಆತ ದನಿ ತಗ್ಗಿಸಿ, "ಅಮ್ಮಾವ್ರು ಇಲ್ಲೇ ಇದ್ದು ಬ್ಯಾರನ್ ಕಾಯ್ತಾ ಅವ್ರೆ, ಪಾಪ," ಎಂದರು. "ಮನೆಗ್ ಓಗಿ ಕೂತ್ಕೊಂಡು ಪ್ಲಾನ್ ಮಾತಾಡವ ಬನ್ನಿ. ನಿಮ್ ಮನೆ ಎಲ್ ಬತ್ತದೆ ಸಾಮಿ?"

ನಾನು ಚಪ್ಪಲಿ ಬಿಡಿ ಎಂದು ಸನ್ನೆ ಮಾಡಿ, ಅವರನ್ನು ಚಪ್ಪರದೊಳಕ್ಕೆ ಕರೆದೆ.