ನಕ್ಷತ್ರ ಸರಿಯಿಲ್ಲದ ಮನೆಯವನು ಹಾಡು ಕೇಳಲು ಹೋದದ್ದು

ಹೆಂಡತಿ ಸತ್ತವನ ಎದುರು ಜನ ನಗುವುದಿಲ್ಲ. ಆದರೆ ನಗು ಬರುವಂಥವೆಲ್ಲ ಹುಡುಕಿಕೊಂಡು ಅವನ ಹತ್ತಿರವೇ ಬರುತ್ತವೆ. ನನ್ನ ಹತ್ತಿರ ಬಂದ ಕೆಲವನ್ನು ಬರೆದಿದ್ದೇನೆ. ಓದು ಕಡಿಮೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ಬೀಗ

ನಯಾಪೈಸೆ ಹೊಸದಾಗಿ ಬಂದ ಕಾಲ. ಶಿಕಾರಿಪುರದಲ್ಲಿ ಚಪ್ಪರ ಹಾಕುವುದು ನನ್ನ ಕಸುಬು. ನನ್ನವಳು ತೀರಿಕೊಂಡಳು. ಮಕ್ಕಳಿರಲಿಲ್ಲ. ಪುರೋಹಿತರು ಪಂಚಾಂಗ ನೋಡಿದರು.

"ಹೋದ ನಕ್ಷತ್ರ ಸರಿಯಿಲ್ಲಪ್ಪ. ಆರು ತಿಂಗಳು ಮನೆ ಬಿಡಬೇಕು."

"ಬಿಡಬೇಕಾದ್ದು ನಾನಾ, ಅವಳಾ?"

"ನೀನು. ಅವಳು ಬಿಡ್ತಾಳೋ ಇಲ್ಲವೋ ಗೊತ್ತಿಲ್ಲ ಅಂತಲೇ ನೀನು ಬಿಡೋದು."

ಬೀಗ ಹಾಕಿದೆ. ಅವಳಿಗೆ ಕತ್ತಲೆ ಅಂದರೆ ಭಯ. ಒಳಗೆ ಒಬ್ಬಳೇ ಉಳಿದುಬಿಟ್ಟಳಾ? ಅದೊಂದೇ ಯೋಚನೆ ನನ್ನ ಜೊತೆ ಸೊರಬಕ್ಕೆ, ತಂಗಿಯ ಮನೆಗೆ ಬಂತು.

ತಂಗಿಯ ಗಂಡ ಬಾಗಿಲಿಗೆ ಅಡ್ಡ ನಿಂತು ನನ್ನ ಬೆನ್ನ ಹಿಂದೆ ನೋಡಿದ. "ಒಬ್ಬರೇ ಬಂದ್ರಾ ಭಾವ?" ಅಂದ. ಹೌದು ಅಂದೆ. ಇನ್ನೊಂದು ಸಲ ಹಿಂದೆ ನೋಡಿ, ಆಮೇಲೆ ಕಾಲಿಗೆ ನೀರು ಕೊಟ್ಟ. ಒಂದೇ ಚೊಂಬು.

ಕಾವಲು

ಸ್ವಲ್ಪ ದಿನ ಕಳೆದು ಮನೆ ನೋಡಿಬರಲು ಹೋದೆ. ನಮ್ಮ ಜಗಲಿ ತುಂಬ ಪಕ್ಕದ ಮನೆಯವನ ಹಂಡೆ, ಕೊಪ್ಪರಿಗೆ, ಭತ್ತದ ಮೂಟೆ.

"ಏನ್ರೀ ಇದು?"

"ಬೀದ್ಯಾಗೆ ಕಳ್ಳರ ಕಾಟ ರೀ. ನಿಮ್ಮ ಜಗಲಿಗೆ ಮಾತ್ರ ಒಬ್ಬನೂ ಕಾಲಿಡಂಗಿಲ್ಲ."

ಬೀಗ ಮುಟ್ಟಿದೆ. ಬಿಸಿಲಲ್ಲಿದ್ದರೂ ತಣ್ಣಗಿತ್ತು. ಬಾಗಿಲಿಗೆ ಕಿವಿ ಇಟ್ಟೆ. ಒಳಗೆ ಯಾರೋ ಉಸಿರು ಬಿಟ್ಟ ಹಾಗಾಯಿತು. ಗಾಳಿ ಇರಬಹುದು.

ಪಕ್ಕದವನು ಪಿಸುಗುಟ್ಟಿದ: "ಇದ್ದಾಗ ನನ್ನ ಹೆಂಡ್ತಿಗೆ ಒಂದು ಸೌಟು ಕೊಡ್ತಿರಲಿಲ್ಲ ನಿಮ್ಮೋರು. ಈಗ ನೋಡ್ರಿ, ನಮ್ಮ ಭತ್ತನೂ ಕಾಯ್ತಾರೆ. ಹೋದ ಮೇಲೆ ಸ್ವಭಾವ ಬಹಳ ಸುಧಾರಿಸೈತೆ."

ಕೂಗು

ಮದುವೆ ಚಪ್ಪರಕ್ಕೆ ನನ್ನನ್ನು ಯಾರೂ ಕರೆಯರು. ತಿಥಿಗಾದರೆ ಕರೆಯುವರು. ಹಾಗೆ ಆನವಟ್ಟಿಯಲ್ಲಿ ಒಂದು ತಿಥಿಯ ಚಪ್ಪರ ಬಿಚ್ಚಿ, ಮತ್ತೆ ಮನೆ ಕಡೆ ಹೋಗೋಣವೆಂದು ಬಸ್ಸಿಗೆ ಕಾದಿದ್ದೆ. ಅಲ್ಲಿ ಬಸ್ಸಿನ ಏಜೆಂಟ್ ಹೊಸಬ. ಸಣಕಲು ಮನುಷ್ಯ. ಬಸ್ಸು ಹೋಗುವ ಊರು ಕೂಗುವುದು ಅವನ ಕೆಲಸ.

"ಶಿಕಾರಿಪುರಾ..." ಅಂದ. ಕಣ್ಣು ಮುಚ್ಚಿ, ಎಳೆದು.

ಹುರುಳಿ ಅಳೆಯುತ್ತಿದ್ದವನ ಕೈ ನಿಂತಿತು. ಗಾಡಿಯ ಎತ್ತುಗಳು ಕಿವಿ ನಿಮಿರಿಸಿದವು. ನನಗೆ ಮೈ ಜುಮ್ಮೆಂದಿತು. ಊರನ್ನು ಕೂಗಿದ ಹಾಗಿರಲಿಲ್ಲ, ಊರಲ್ಲಿ ಉಳಿದುಹೋದ ಯಾರನ್ನೋ ಕರೆದ ಹಾಗಿತ್ತು.

ಬಸ್ಸಿನಲ್ಲಿ ಕೂತಿದ್ದ ಮುದುಕಿ ಗಂಟು ಹಿಡಿದು ಇಳಿದಳು.

"ಯಾಕಜ್ಜಿ?" ಅಂದ ಕಂಡಕ್ಟರ್.

"ನಾಳೆ ಹೋಗ್ತೀನಪ್ಪ. ಆ ಊರಾಗೆ ಏನೋ ಆಗೈತೆ. ಇಲ್ಲಾಂದ್ರೆ ಹಿಂಗ್ಯಾಕೆ ಕೂಗ್ತಾನೆ?"

ಅವಳ ಹಿಂದೆ ಇನ್ನೂ ಕೆಲವರು ಇಳಿದರು. ಕೊನೆಗೆ ಡ್ರೈವರೂ ಇಳಿದ.

ಕಛೇರಿ

ಸೊರಬದ ಹೆಡ್‌ಮಾಸ್ತರರ ಕಿವಿಗೂ ಆ ಕೂಗು ಬಿದ್ದಿತ್ತು. "ಇವರು ಬಸ್ಸು ಕೂಗಬೇಕಾದವರಲ್ಲ" ಅಂತ ಆ ಏಜೆಂಟರನ್ನು ಕರೆತಂದು, ಶಾಲೆಯ ಅಂಗಳದಲ್ಲಿ ಹಾಡಿನ ಕಛೇರಿ ಇಡಿಸಿದರು. ಮದುವೆಯಲ್ಲವಲ್ಲ, ಚಪ್ಪರ ನನಗೇ ಹೇಳಿದರು.

ಸಂಜೆ ಜನ ತುಂಬಿದರು. ಹೆಂಗಸರ ಕಡೆ ಮುಂದಿನ ಕಂಬದ ಬುಡದಲ್ಲಿ ಮಾತ್ರ ಒಬ್ಬರ ಜಾಗ ಖಾಲಿ. ಆ ಕಂಬಕ್ಕೆ ನನ್ನ ಟವೆಲು ನೇತುಹಾಕಿ ಮರೆತಿದ್ದೆ. ಅದನ್ನು ಕಂಡು ಯಾರೂ ಹತ್ತಿರ ಕೂರಲಿಲ್ಲ.

ಏಜೆಂಟರು ಕಣ್ಣು ಮುಚ್ಚಿ ಹಾಡು ಶುರು ಮಾಡಿದರು. ರಾಗ ಯಾವುದೋ, ನನಗೆ ತಿಳಿಯದು. ಮುಚ್ಚಿದ ಮನೆಯ ಕಿಟಕಿಯನ್ನು ಯಾರೋ ಒಳಗಿನಿಂದ ತೆಗೆದ ಹಾಗಾಯಿತು. ಅವಳು ಹೋದ ದಿನ ಬಾರದ ಅಳು ಅಲ್ಲಿ ಬಂತು. ತಂಗಿಯ ಗಂಡ ಪಕ್ಕದಿಂದ ತನ್ನ ಟವೆಲು ಕೊಟ್ಟ. ಅದು ಆಗಲೇ ಒದ್ದೆಯಾಗಿತ್ತು.

ಹಾಡು ತಟ್ಟನೆ ನಿಂತಿತು. ಕಣ್ಣು ತೆರೆಯದೆಯೇ ಅವರು ಮೆಲ್ಲಗೆ ನಕ್ಕರು.

"ಆ ಕಂಬದ ಹತ್ರ ಕೂತ ತಾಯಿ, ತಪ್ಪು ತಿಳೀಬೇಡಿ. ನಿಮ್ಮ ತಾಳ ಒಂದು ಪೆಟ್ಟು ಹಿಂದೆ ಬೀಳ್ತಿದೆ. ಬಳೆ ಸದ್ದು ನನ್ನನ್ನ ಹಿಂದಕ್ಕೆ ಎಳೀತದೆ."

ಕಣ್ಣು ತೆರೆದರು. ಕಂಬದ ಕಡೆ ನೋಡಿದರು. "ಎದ್ದು ಹೋದರಾ?"

"ಅಲ್ಲಿ ಯಾರೂ ಕೂತೇ ಇಲ್ಲ ಸ್ವಾಮಿ," ಅಂದಳು ಒಬ್ಬಾಕೆ. ಅಂದವಳೇ ಇನ್ನಷ್ಟು ದೂರ ಜರುಗಿದಳು. ಮಾಸ್ತರು ಕೆಮ್ಮಿದರು.

ನನ್ನವಳು ಭಜನೆಯಲ್ಲಿ ಯಾವಾಗಲೂ ಒಂದು ಪೆಟ್ಟು ಹಿಂದೆ. ಬೈದರೆ, "ಎಲ್ಲರೂ ಮುಂದಕ್ಕೇ ಓಡಿದ್ರೆ ಹಾಡು ಬೇಗ ಮುಗಿದುಹೋಗಲ್ವಾ? ಒಬ್ಬರಾದ್ರೂ ಹಿಡ್ಕೋಬೇಕು" ಅನ್ನುತ್ತಿದ್ದಳು.

ಹಾಗಾದರೆ ಅವಳು ಬೀಗ ಹಾಕಿದ ಮನೆಯ ಆ ಕತ್ತಲಲ್ಲಿ ಉಳಿದಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು. ಎದ್ದು ನಿಂತೆ. ಇಡೀ ಅಂಗಳ ನನ್ನ ಕಡೆ ತಿರುಗಿತು. ತಂಗಿಯ ಗಂಡ ಅಂಗಿ ಹಿಡಿದು ಜಗ್ಗಿದ. ನಾನು ಕೂರಲಿಲ್ಲ.

"ಸ್ವಾಮಿ, ಅವಳು ನಮ್ಮನೆಯವಳು. ಬದುಕಿರೋ ತನಕ ನಾನೂ ಹೇಳಿದೆ, ಕೇಳಲಿಲ್ಲ. ನೀವೇ ಸ್ವಲ್ಪ ನಿಧಾನ ಹಾಡಿ."

ಹಾಡಿದರು.