ನೋ ಕ್ಲೇಮ್ ಬೋನಸ್ಸಿನ ವಾರಸುದಾರ

ವರ್ಷಪೂರ್ತಿ ವಿಮೆಯ ಹಣ ಕೇಳದಿದ್ದರೆ ಮರುವರ್ಷ ಕಾರಿನ ವಿಮಾ ಕಂತಿನಲ್ಲಿ ರಿಯಾಯಿತಿ. ಹೀಗೇ ಕೆಲವು ವರ್ಷ ತೆಪ್ಪಗಿದ್ದರೆ ಗಾಡಿಯ ಹಾನಿಗೆಂದು ಕಟ್ಟುವ ಕಂತು ಅರ್ಧಕ್ಕಿಳಿಯುತ್ತದೆ. ಇದೇ ನೋ ಕ್ಲೇಮ್ ಬೋನಸ್. ನನ್ನ ಎಂ.ಎ. ಪದವಿಯನ್ನಂತೂ ನಮ್ಮೂರು ಇಂಡಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಹೊಸ ಲೈಸೆನ್ಸಿನ ಹುರುಪಿನಲ್ಲಿ ಇದನ್ನಾದರೂ ಸಂಪಾದಿಸಲು ಪಣತೊಟ್ಟೆ.

ಅತ್ಯಂತ ಸುರಕ್ಷಿತ ಮಾರ್ಗವೂ ಹೊಳೆಯಿತು: ಕಾರು ಓಡಿಸದಿರುವುದು! ಕೀಲಿ ನನ್ನ ಕಿಸೆ ಸೇರಿತು.

"ಅಂಗಳದಾಗ ಕಾರ್ ಇಟಕೊಂಡು ಟೆಂಪೋದಾಗ ಆಡಿನ ಜೋಡಿ ಕುಂದರಬೇಕೇನ್ರಿ?" ಎಂದಳು ಹೆಂಡತಿ ಶಶಿಕಲಾ.

"ಬೋನಸ್ ಬೆಳ್ಯಾಕತ್ತೈತಿ, ತಡಿ."

ಒಂದು ದಿನ ಸಿಂದಗಿ ಬಸ್ಸಿನಲ್ಲಿದ್ದಾಗ ಅನುಮಾನ ಬಂತು. ಹ್ಯಾಂಡ್‌ಬ್ರೇಕ್ ಎಳೆದಿದ್ದೆನೋ, ಇಲ್ಲವೋ? ನನ್ನ ನೆನಪನ್ನು ನಾನೇ ನಂಬುವವನಲ್ಲ. ನಡುದಾರಿಯಲ್ಲೇ ಇಳಿದು ಮನೆಗೆ ಮರಳಿದೆ. ಕಿಟಕಿಯೊಳಗೆ ಕೈ ಹಾಕಿ ನೋಡಿದೆ. ಎಳೆದಿತ್ತು. ಆದರೆ ಎಳೆದದ್ದೆಲ್ಲ ಹಿಡಿದಿರುತ್ತದೆಯೇ? ವಿಶ್ವವಿದ್ಯಾಲಯದಲ್ಲಿ ಕಲಿತದ್ದೇ ಅದು, ಪರೀಕ್ಷಿಸದೆ ಏನನ್ನೂ ಒಪ್ಪಬಾರದು. ಸಡಿಲಿಸಿ ನೋಡಿದೆ.

ಅಲ್ಲಿಯವರೆಗೂ ಹಿಡಿದೇ ಇತ್ತು!

ಕಾರು ಅಂಗಳದ ಇಳಿಜಾರಿನಲ್ಲಿ ಹೊರಟಿತು. ಪಕ್ಕದ ಮನೆಯ ಗುರಪ್ಪ ಕಾಕಾ ಮಾರಲು ಇಟ್ಟಿದ್ದ ನಿಂಬೆಹಣ್ಣಿನ ಚೀಲದ ಮೇಲೆ ಹಾದು, ನಮ್ಮದೇ ನೀರಿನ ಟಾಕಿಗೆ ಗುದ್ದಿ ನಿಂತಿತು.

ಕಾಕಾ ಬಂದು ನೋಡಿದರು. "ತಮ್ಮಾ, ಗಾಲಿಗೊಂದು ಲಿಂಬಿಹಣ್ಣು ಇಟ್ರ ಸಾಕಿತ್ತಲ್ಲೋ. ಪೂರಾ ಚೀಲ ಯಾಕ?"

"ಇನ್ಶೂರೆನ್ಸ್ ಕೇಳ್ರಿ," ಎಂದಳು ಶಶಿಕಲಾ.

"ಹುಚ್ಚಿ! ಕೇಳಿದ್ರ ಬೋನಸ್ ಹೋಗತೈತಿ!"

ಬಂಪರ್, ದೀಪ, ಟಾಕಿ, ನಿಂಬೆ, ಎಲ್ಲಕ್ಕೂ ನನ್ನ ಪಗಾರವೇ ಆಹುತಿಯಾಯಿತು. ಬೋನಸ್ ಮಾತ್ರ ಉಳಿಯಿತು! ನವೀಕರಣದ ದಿನ ಎದೆಯುಬ್ಬಿಸಿ ಇಬ್ಬರೂ ಏಜೆಂಟರ ಬಳಿಗೆ ಕಾರಿನಲ್ಲೇ ಹೋದೆವು.

"ಶಾಬಾಸ್! ಈ ಸಲಾನೂ ಬೋನಸ್ ಏರೈತ್ರಿ ಅಕ್ಕಾರ!" ಎಂದರು ಏಜೆಂಟರು.

"ಅಕ್ಕಾರಿಗ್ಯಾಕ್ರಿ? ಕಾಪಾಡಿದಾಂವ ನಾ!"

"ಬೋನಸ್ ಮಾಲಕರದ್ರಿ. ಗಾಡಿ ಅಕ್ಕಾರ ಹೆಸರಿಲೆ ಐತಿ. ನಾಳೆ ಹೊಸಾ ಕಾರ್ ತಗೊಂಡ್ರೂ ಬೋನಸ್ ಅವರ ಬೆನ್ನ ಹತ್ತಿ ಬರತೈತಿ."

ಮಸೂತಿ ಊರಿನ ನನ್ನ ಮಾವ ಮಗಳಿಗೆ ಕೊಡಿಸಿದ ಕಾರು! ಆದರೂ ವಿಮೆಯ ಕಾಗದದಲ್ಲಿ ನನ್ನ ಹೆಸರನ್ನು ಕಂಡ ನೆನಪು.

"ನನ್ನ ಹೆಸರೂ ಇರಬೇಕಲ್ರಿ?"

"ಐತ್ರಿ, ಐತ್ರಿ. ನಾಮಿನಿ. ಅಕ್ಕಾರಿಗೆ ಏನರ ಆದ್ರ ರೊಕ್ಕ ನಿಮಗ."

ಶಶಿಕಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೌದೇನು? ಬ್ರೇಕ್ ಯಾಕ ಬಿಟ್ರಿ ಅಂತ ಈಗ ತಿಳೀತು. ಕೀಲಿ ಕೊಡ್ರಿ."

ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿಸಿಕೊಂಡವಳು. ಜೋರಾಗಿಯೇ ಹೊರಟಳು. ಪಕ್ಕದ ಸೀಟಿನಲ್ಲಿ ಎರಡೂ ಕೈಗಳನ್ನು ತೊಡೆಗಳ ಕೆಳಗಿಟ್ಟುಕೊಂಡು ಕೂತೆ. ಏನನ್ನೂ ಮುಟ್ಟಬಾರದೆಂದು ಮಾಲಕರ ಅಪ್ಪಣೆಯಾಗಿತ್ತು!