ಮಿನ್ನಿಯ ಮೈದಾನ

ಮನೆಯಲ್ಲಿ ಮಗುವಿದ್ದರೆ ಅಪ್ಪನಾದವನಿಗೆ ಒಂದು ಚಡಪಡಿಕೆ ಅಂಟಿಕೊಳ್ಳುತ್ತದೆ. ಉಣ್ಣಿಸುವುದು, ಮಲಗಿಸುವುದು, ರಾಗಿ ಸರಿ ಕಾಯಿಸುವುದು ಎಲ್ಲವನ್ನೂ ಹೆಂಗಸರು ಅವನಿಗಿಂತ ಚೆನ್ನಾಗಿ ಮಾಡಿ ಮುಗಿಸಿರುತ್ತಾರೆ. ಅವನ ಪಾಲಿಗೆ ಉಳಿಯುವುದು ಗೋಡೆಗೆ ಮೊಳೆ ಹೊಡೆಯುವುದೊಂದೇ. ನಾನು ಅಂಥ ಒಂದು ಮೊಳೆಗಾಗಿ ಒಂದೂಮುಕ್ಕಾಲು ವರ್ಷ ಕಾದೆ. ಅಲ್ಲಿಯವರೆಗೆ ಮಗುವನ್ನು ನೋಡಿಕೊಂಡಿದ್ದ ನಮ್ಮತ್ತೆ ಮೈಸೂರಿಗೆ ಹೊರಟ ದಿನ ಅದು ಒದಗಿ ಬಂತು. ಮಗಳು ಮಿನ್ನಿಯನ್ನು ಹಗಲು ಬಿಡಬೇಕೆಂದಿದ್ದ ಪಾಳಣಾಘರದಲ್ಲಿ ಜಾಗ ಸಿಗಲು ಇನ್ನೂ ಒಂದು ತಿಂಗಳಿತ್ತು. ಹೆಂಡತಿ ವಿದ್ಯಾ ಬೆಳಿಗ್ಗೆ ಎಂಟಕ್ಕೆ ಬೇಲಾಪುರದ ಆಫೀಸಿಗೆ ಹೊರಡುವವಳು. ನನ್ನ ಕಂಪನಿ ಆ ಒಂದು ತಿಂಗಳು ಮನೆಯಿಂದಲೇ ಕೆಲಸ ಮಾಡಲು, ಮುಖ ಸಿಂಡರಿಸಿಕೊಂಡೇ, ಒಪ್ಪಿತ್ತು.

"ನೀನು ನಿಶ್ಚಿಂತೆಯಾಗಿರು, ಹಾಲ್‌ನಲ್ಲಿ ಅವಳಿಗೊಂದು ಆಟದ ಜಾಗ ಮಾಡ್ತೀನಿ. ಅವಳು ಆಡ್ಕೊಂಡಿರ್ತಾಳೆ, ನಾನು ಕೆಲಸ ಮಾಡ್ಕೊಂಡಿರ್ತೀನಿ," ಎಂದೆ. ವಿದ್ಯಾ ನಗಲಿಲ್ಲ. ಅದು ಅವಳ ದೊಡ್ಡತನ.

ಭಾನುವಾರವೆಲ್ಲ ದುಡಿದೆ. ಟೀಪಾಯಿ ಮಲಗುವ ಕೋಣೆಗೆ ಹೋಯಿತು. ಅದನ್ನು ದಾಟದೆ ನಾವು ಮಂಚ ಸೇರುವಂತಿರಲಿಲ್ಲ. ಸೋಫಾ ಗೋಡೆಗೆ ಅಂಟಿತು. ನೆಲಕ್ಕೆ ಬಣ್ಣಬಣ್ಣದ ಫೋಮ್ ಚಾಪೆ ಜೋಡಿಸಿ, ಸುತ್ತ ಮೊಣಕಾಲೆತ್ತರದ ಬೇಲಿ ಕಟ್ಟಿ, ಗೋಡೆಗೆ ಗೊಂಬೆಗಳ ಹಲಗೆ ಹೊಡೆದೆ. ಹಲಗೆ ಸ್ವಲ್ಪ ವಾಲಿತ್ತು. ಕಿಟಕಿಯಾಚೆ ಕಾಣುವ ನಮ್ಮ ಖಾರಘರದ ಗುಡ್ಡವೂ ಒಂದು ಕಡೆಗೆ ವಾಲಿದೆ, ಯಾರೂ ತಕರಾರು ಮಾಡುವುದಿಲ್ಲ ಎಂದು ಸಮಾಧಾನಪಟ್ಟೆ.

ಮೂರನೆಯ ದಿನ, ಬುಧವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಕೆಳಗಿನ ಮನೆಯ ಸುಮನ್ ಕಾಕು. ಬೆಳಗಾವಿ ಕಡೆಯವರು.

"ಸಿಟ್ಟಾಗಬ್ಯಾಡ್ರಿ. ನಮ್ಮ ಮನಿಯವರಿಗೆ ಕಣ್ಣಿನ ಆಪರೇಷನ್ ಆಗೇತ್ರಿ. ಟಿವಿ ಇಲ್ಲ, ಪೇಪರ್ ಇಲ್ಲ, ಸುಮ್ನ ಮಲಗಿರಬೇಕು. ಮ್ಯಾಲೆ ಧಡ್ ಧಡ್ ಅಂದ್ರ ನಿದ್ದಿ ಹತ್ತೂದಿಲ್ರಿ ಅವರಿಗೆ."

ನನಗೆ ನಾಚಿಕೆಯಾಯಿತು. "ಸಾರಿ ಕಾಕು. ಮಗು ನೋಡಿ, ಆಡ್ತಿರುತ್ತೆ. ನೋಡ್ಕೋತೀನಿ," ಎಂದೆ.

ಮರದ ದಿಮ್ಮಿಗಳನ್ನು ಎತ್ತಿಟ್ಟೆ. ಮರುದಿನ ಕಾಕುವಿನ ಫೋನು ಬಂತು. ತಳ್ಳುಗಾಡಿ ಎತ್ತಿಟ್ಟೆ. ಮತ್ತೆ ಫೋನು. ಚೆಂಡೂ ಬೀರುವಿನ ಮೇಲೇರಿತು. ಕೊನೆಗೆ ನಾನು ಕಟ್ಟಿದ ಆ ಮೈದಾನದಲ್ಲಿ ಉಳಿದದ್ದು ಒಂದು ಬಟ್ಟೆಯ ಆನೆ ಮತ್ತು ಮಿನ್ನಿ. ಅವಳು ಎದ್ದು ಎರಡು ಹೆಜ್ಜೆ ಓಡಿದರೆ ಸಾಕು, ಕಿವಿಯ ಇಯರ್‌ಫೋನ್ ಕಿತ್ತು, "ಷ್! ಕೆಳಗೆ ತಾತ ಮಲಗಿದಾರೆ ಪುಟ್ಟಿ," ಎನ್ನುತ್ತಿದ್ದೆ. ಮಕ್ಕಳು ನಾವು ಕಲಿಸಿದ್ದನ್ನೆಲ್ಲ ಕಲಿಯುವುದಿಲ್ಲ ಎಂದು ದೂರುತ್ತೇವಲ್ಲ, ಇದನ್ನು ಅವಳು ಎರಡೇ ದಿನದಲ್ಲಿ ಕಲಿತಳು. ಒಂದು ಸಂಜೆ ವಿದ್ಯಾ ಬಾಗಿಲು ತೆಗೆದಾಗ, ಎಂದಿನಂತೆ ಓಡಿ ಬಂದು ಕಾಲು ತಬ್ಬುವ ಹುಡುಗಿ ತುದಿಗಾಲಲ್ಲಿ ಮೆಲ್ಲಮೆಲ್ಲಗೆ ನಡೆದು ಬಂದಳು.

"ಏನಾಯ್ತು ಇವಳಿಗೆ? ಜ್ವರಾನಾ?" ವಿದ್ಯಾ ಹಣೆ ಮುಟ್ಟಿ ನೋಡಿದಳು.

ಓಡಲಿ ಎಂದು ಜಾಗ ಮಾಡಿದವನು ಮಗುವಿಗೆ ಓಡುವುದನ್ನೇ ಮರೆಸಿದ್ದೆ. ಆದರೂ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕರು ಮಲಗಿದ್ದಾರೆ, ಏನು ಮಾಡಲಿ?

ಮರುದಿನ ಮತ್ತೆ ಬುಧವಾರ. ಮಧ್ಯಾಹ್ನ ನಾನು ಫೋನ್ ಮೀಟಿಂಗಿನಲ್ಲಿದ್ದಾಗ ಕಾಕು ಮತ್ತೆ ಬಂದರು. ಈ ಸಲ ಮುಖ ಬಿಗಿದಿತ್ತು.

"ಎಲ್ಲೈತ್ರಿ ಕೂಸು?"

"ಒಳಗೆ ಮಲಗಿದಾಳೆ ಕಾಕು."

"ಎಷ್ಟೊತ್ತಾತ್ರಿ ಮಲಗಿ?"

"ಒಂದು ಗಂಟೆ ಆಗಿರಬೇಕು."

ಕಾಕು ಬೇಲಿ ನೋಡಿದರು, ಬಟ್ಟೆಯ ಆನೆ ನೋಡಿದರು, ಆಮೇಲೆ ನಿಧಾನವಾಗಿ ನನ್ನ ಪಾದಗಳತ್ತ ದೃಷ್ಟಿ ಇಳಿಸಿದರು. ಹಿಮ್ಮಡಿ ನೋವಿಗೆಂದು ಡಾಕ್ಟರು ಬರೆದುಕೊಟ್ಟ ದಪ್ಪ ಅಟ್ಟೆಯ ಚಪ್ಪಲಿ ಕಾಲಲ್ಲಿತ್ತು. "ಹಂಗಾರ ಇಷ್ಟೊತ್ತು ಧಡ್ ಧಡ್ ಅಂದಿದ್ದು ಯಾರ್ರಿ?"

ಫೋನಿನಲ್ಲಿ ಮಾತಾಡುವಾಗ ನಾನು ನಡೆಯುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಕಿವಿಯಲ್ಲಿ ಮ್ಯಾನೇಜರ್ ತುಂಬಿಕೊಂಡಿದ್ದಾಗ ಸ್ವಂತ ಕಾಲಿನ ಸದ್ದು ಕೇಳುವುದಾದರೂ ಹೇಗೆ? ಬೇಲಿಯ ಪಕ್ಕದಿಂದ ಅಡುಗೆಮನೆಯ ಹೊಸ್ತಿಲವರೆಗೆ, ಅಲ್ಲಿಂದ ಮತ್ತೆ ಬೇಲಿಗೆ. ಫೋಮ್ ಚಾಪೆ ಹಾಸಿದ್ದು ಸದ್ದಿಲ್ಲದ ಮಗುವಿನ ಕೆಳಗೆ. ಎಂಬತ್ತೆರಡು ಕಿಲೋ ಅಪ್ಪ ಓಡಾಡಿದ್ದು ಬರಿಯ ಟೈಲ್ಸ್ ಮೇಲೆ. ನಿರಪರಾಧಿಗೆ ವಾರವಿಡೀ ಶಿಕ್ಷೆಯಾಗಿತ್ತು.

ಕಾಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಗು ಮುಗಿದ ಮೇಲೆ, "ಕೂಸಿನ ಗೊಂಬಿ ಎಲ್ಲಾ ಹೊರಗ ತೆಗೀರಿ ಮೊದ್ಲ. ಸಂಜೀಕ ಮೂರೂ ಮಂದಿ ಚಹಾಕ್ಕ ಬರ್ರಿ," ಎಂದು ಹೊರಟರು.

ಮೀಟಿಂಗ್ ಇನ್ನೂ ನಡೆಯುತ್ತಿತ್ತು. ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂತೆ. ಕಾಲು ನಿಂತ ಕೂಡಲೇ ಬುದ್ಧಿಯೂ ನಿಂತಿತು. ಕೇಳಿದ ಪ್ರಶ್ನೆಗೆಲ್ಲ "ಎಸ್ ಸರ್" ಎಂದೆ. ಮಿನ್ನಿ ಎದ್ದಾಗ ಚೆಂಡನ್ನು ಅವಳ ಕೈಗಿಟ್ಟೆ. ಅವಳು ಅನುಮಾನದಿಂದ ನನ್ನನ್ನು ನೋಡಿ, ಮೊದಲು ಮೆಲ್ಲಗೆ ಉರುಳಿಸಿದಳು. ನಾನು "ಷ್" ಎನ್ನಲಿಲ್ಲ. ಎರಡನೆಯ ಸಲ ಗೋಡೆಗೆ ಎಸೆದು ಕಿರುಚಿದಳು. ಆ ಕಿರುಚಾಟ ಕೇಳಿ ನನಗೆ ಕಣ್ಣು ಮಂಜಾಯಿತು ಎಂದರೆ ನೀವು ನಂಬಬೇಕು.

ಸಂಜೆ ಕೆಳಗೆ ಹೋದೆವು. ಕಪ್ಪು ಕನ್ನಡಕ ಹಾಕಿಕೊಂಡು ದಿಂಬಿಗೊರಗಿ ಕೂತಿದ್ದ ಕಾಕಾ ಮಿನ್ನಿಯನ್ನು, "ಬಾರವ್ವ, ಇಲ್ಲಿ ಎಷ್ಟಾರ ಓಡು, ಯಾರೂ ಏನೂ ಅನ್ನೂದಿಲ್ಲ," ಎಂದು ಕರೆದರು. ನಾನು ಕೈಮುಗಿದು ಕ್ಷಮೆ ಕೇಳಿದೆ.

"ಅಯ್ಯ, ಬಿಡ್ರಿ! ಕಣ್ಣು ಕಟ್ಟಿದ ಮ್ಯಾಲೆ ನನಗೂ ಬ್ಯಾರೆ ಏನು ಕೆಲಸ ಇತ್ರಿ? ನಿಮ್ಮ ಹೆಜ್ಜೀನ ಕೇಳಕೋತ ಮಲಗತಿದ್ದೆ," ಎಂದು ಕಾಕಾ ನನ್ನ ದನಿ ಬಂದ ಕಡೆ ಬಾಗಿ, ಬಹಳ ಕಳಕಳಿಯಿಂದ ಕೇಳಿದರು: "ಬ್ಯಾರೆ ದಿನ ಸಾವಕಾಶ ನಡೀತೀರಿ. ಹೋದ ಬುಧವಾರನೂ ಓಡೇ ಓಡಿದ್ರಿ, ಇವತ್ತೂ ಓಡೇ ಓಡಿದ್ರಿ. ಬುಧವಾರ ಸಾಹೇಬ್ರು ಭಾಳ ಬೈತಾರೇನ್ರಿ?"

ಬುಧವಾರ ನಮ್ಮ ರಿವ್ಯೂ. ಮನೆಯಲ್ಲಿ ಕೂತವನ ಕೆಲಸ ಅರ್ಧರ್ಧಕ್ಕೇ ನಿಲ್ಲುತ್ತಿದೆ ಎಂದು ಮ್ಯಾನೇಜರ್ ಗುಡುಗುವ ದಿನ. ಎಲ್ಲ ಸಲೀಸಾಗಿ ನಡೆಯುತ್ತಿದೆ ಎಂದೇ ನಾನು ಮನೆಯಲ್ಲಿ ಹೇಳಿಕೊಂಡು ಬಂದಿದ್ದೆ. ಪಕ್ಕದಲ್ಲಿದ್ದ ವಿದ್ಯಾ ಚಹಾದ ಕಪ್ಪನ್ನು ಕೆಳಗಿಟ್ಟು, ನನ್ನತ್ತ ತಿರುಗಿ ಕೂತಳು.